ಹಸಿರು ಗುಂಡಿಗೆ ಸಿಕ್ಕಿಸಿದ ಬಿದಿರು ಚಕ್ಕೆ

ಕ್ಯಾತನಹಳ್ಳಿಯಲ್ಲಿ ನನ್ನ ಭಾಮೈದ ಲೋಕೇಶ ಹೊಸದಾಗಿ ಹುಲ್ಲು ಕತ್ತರಿಸುವ ಮಿಷಿನ್ನು ತಂದಿದ್ದಾನೆ. ಹೋದ ತಿಂಗಳು ಅವನ ಮಗಳಿಗೆ ಮೂರು ತುಂಬಿತೆಂದು ನಾನು, ಹೆಂಡತಿ ಸವಿತ, ಮಗಳು ಸಿಂಚನ ಮೂವರೂ ಹೋಗಿದ್ದೆವು. ಊಟಕ್ಕೆ ಇನ್ನೂ ಹೊತ್ತಿತ್ತು. "ಬನ್ನಿ ಬಾವ, ಮಿಷಿನ್ನು ತೋರುಸ್ತೀನಿ" ಎಂದು ಲೋಕೇಶ ಎಲ್ಲರನ್ನೂ ಕೊಟ್ಟಿಗೆಗೆ ಎಳೆದುಕೊಂಡು ಹೋದ. ಒಲ್ಲೆ ಎನ್ನಬೇಕೆಂದುಕೊಂಡೆ, ಬಾಯಿ ಬರಲಿಲ್ಲ. ಅವನು ಮಿಷಿನ್ನು ಚಾಲೂ ಮಾಡಿ ಒಂದು ಹಿಡಿ ಹಸಿ ಜೋಳದ ಕಡ್ಡಿ ತಳ್ಳಿದ. ಕರಕರ ಕತ್ತರಿಸಿ ಆ ಕಡೆ ರಾಶಿ ಬಿತ್ತು. ಆಗ ಬಂತು ನೋಡಿ ಆ ವಾಸನೆ. ಎಳೆ ಕಡ್ಡಿಯ ಸಿಹಿ, ಅದರ ಜೊತೆಗೆ ಬೆಲ್ಟು ಬಿಸಿಯಾದ ಕಮಟು. ಹದಿಮೂರು ವರ್ಷದಿಂದ ನಮ್ಮ ಕೊಟ್ಟಿಗೆಯಲ್ಲಿ ಆ ವಾಸನೆ ಇಲ್ಲ. ನಾನು ಪಕ್ಕದ ಕಂಬ ಹಿಡಿದುಕೊಂಡೆ.

ಲೋಕೇಶನ ಮಗಳು ಸದ್ದು ಕೇಳಿ ಕುಣಿಯುತ್ತಾ ಮಿಷಿನ್ನಿನ ಕಡೆಗೆ ಓಡಿತು. ಸಿಂಚನ ಅದನ್ನು ಗಬಕ್ಕನೆ ಎತ್ತಿಕೊಂಡಳು.

"ಏಯ್ ಕಳ್ಳಿ, ಅದ್ರತ್ರ ಹೋಗ್ಬಾರ್ದು ಕಣಮ್ಮಿ. ನಾನೂ ನಿನ್ನಷ್ಟಿದ್ದಾಗ ದೊಡ್ ಮನುಷ್ಯಳಂಗೆ ಗುಂಡಿ ಒತ್ತೋಕೋಗಿ ಏನಾಯ್ತು ನೋಡಿಲ್ಲಿ" ಎಂದು ಬಲಗೈ ಹಿಡಿದಳು. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೇ ಮುಗಿದಿವೆ. "ಇಲಿ ತಿಂದ್ಬುಟ್ಟಂಗಿಲ್ವಾ?"

ಮಗು ಕಿಲಕಿಲ ನಕ್ಕಿತು. ಲೋಕೇಶನೂ ನಕ್ಕ. ಸಿಂಚನ ಎಲ್ಲರಿಗಿಂತ ಜೋರಾಗಿ ನಕ್ಕಳು. ಸವಿತ ಮಾತ್ರ ನೆಲ ನೋಡುತ್ತಿದ್ದಳು.

ಈ ಕತೆಯನ್ನು ನನ್ನ ಮಗಳು ಶಾಲೆಯಲ್ಲಿ ಹೇಳಿದ್ದಾಳೆ, ಈಗ ಕಾಲೇಜಿನಲ್ಲಿ ಹೇಳುತ್ತಾಳೆ, ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದರೂ ಹೇಳುತ್ತಾಳೆ. ಕೇಳುವವರು ಅಯ್ಯೋ ಪಾಪ ಎನ್ನುವ ಮೊದಲೇ ನಗಿಸಿಬಿಡುತ್ತಾಳೆ. ಕತೆ ಸುಳ್ಳು. ಅವಳು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಸುಳ್ಳನ್ನು ಅವಳ ಕೈಗೆ ಕೊಟ್ಟವನು ಅವಳಪ್ಪ, ಅಂದರೆ ನಾನು.

ನಮ್ಮೂರು ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟ. ನಾನು ಪೇಟೆಯ ಕಾಲೇಜೊಂದರಲ್ಲಿ ಗುಮಾಸ್ತ. ಸಂಬಳದ ಜೊತೆಗೆ ಎರಡು ಸೀಮೆಹಸು, ಒಂದಿಷ್ಟು ಜಮೀನು. ಆ ವರ್ಷ ಸಿಂಚನಳಿಗೆ ಮೂರು ತುಂಬಿತ್ತು, ನಮ್ಮ ಅವ್ವ ಗಟ್ಟಿಮುಟ್ಟಾಗಿದ್ದಳು. ಬೆಳಿಗ್ಗೆ ಐದೂವರೆಗೆ ಎದ್ದರೆ ನಮ್ಮ ಮನೆಯಲ್ಲಿ ಯಾರಿಗೂ ಯಾರ ಮುಖ ನೋಡಲೂ ಪುರುಸೊತ್ತಿರಲಿಲ್ಲ. ಸವಿತ ಹಾಲು ಕರೆದು ಏಳು ಗಂಟೆಯೊಳಗೆ ಡೇರಿಗೆ ಹಾಕಬೇಕು. ಅವ್ವ ಒಲೆ ಮುಂದೆ. ನಾನು ಹಿಂದಿನ ಸಂಜೆ ಕೊಯ್ದು ತಂದ ಸೀಮೆಹುಲ್ಲನ್ನು ಕತ್ತರಿಸಿ, ಸ್ನಾನ ಮಾಡಿ, ಒಂದು ಮುದ್ದೆ ನುಂಗಿ, ಎಂಟೂವರೆ ಬಸ್ಸು ಹಿಡಿಯಬೇಕು. ನನಗೆ ಹುಟ್ಟಿನಿಂದಲೇ ಕಾಯುವುದೆಂದರೆ ಆಗದು. ಬಸ್ಸು ನಿಲ್ಲುವ ಮೊದಲೇ ಇಳಿಯುವ ಜಾತಿ ನಾನು. "ಆತುರಗಾರನಿಗೆ ಬುದ್ಧಿ ಮಟ್ಟ ಕಣ್ಲಾ" ಎಂದು ಅವ್ವ ಬೈಯುತ್ತಲೇ ಇದ್ದಳು. ನಾನು ಕೇಳಿಸಿಕೊಳ್ಳುವಷ್ಟೂ ನಿಲ್ಲುತ್ತಿರಲಿಲ್ಲ.

ಮಿಷಿನ್ನಿಗೆ ನಾನು ಬೋರಿನ ಲೈನಿನಿಂದಲೇ ಕರೆಂಟು ಎಳೆದಿದ್ದೆ. ಆ ಕರೆಂಟಿನ ಹಣೆಬರಹ ನಮ್ಮ ಕಡೆಯವರಿಗೆಲ್ಲ ಗೊತ್ತು. ಒಂದು ವಾರ ಬೆಳಿಗ್ಗೆ ಕೊಡುತ್ತಾರೆ, ಒಂದು ವಾರ ರಾತ್ರಿ. ಕೊಟ್ಟಾಗಲೂ ಹತ್ತು ನಿಮಿಷ ಇದ್ದು ಹೋಗುತ್ತದೆ, ಮತ್ತೆ ಬರುತ್ತದೆ. ಹೋದಾಗ ಸ್ಟಾರ್ಟರು ತಾನಾಗಿ ಬಿಟ್ಟುಕೊಳ್ಳುತ್ತದೆ. ಬಂದಾಗ ಯಾರಾದರೂ ಹೋಗಿ ಹಸಿರು ಗುಂಡಿ ಒತ್ತಬೇಕು. ಹೋಗಿ ಬಂದು ಒತ್ತಲು ಯಾರಿಗೆ ತಾಳ್ಮೆ? ನಮ್ಮೂರಿನವರು ಇದಕ್ಕೆ ಕಂಡುಕೊಂಡ ಉಪಾಯವೆಂದರೆ ಹಸಿರು ಗುಂಡಿ ಒತ್ತಿ, ಅದು ಮೇಲೇಳದಂತೆ ಸಂದಿಗೆ ಒಂದು ಕಡ್ಡಿ ಸಿಕ್ಕಿಸಿಬಿಡುವುದು. ಕರೆಂಟು ಬಂದ ತಕ್ಷಣ ಮೋಟಾರು ತಾನೇ ತಿರುಗುತ್ತದೆ, ಗದ್ದೆಗೆ ನೀರು ತಾನೇ ಹರಿಯುತ್ತದೆ. ಊರಿನ ಅರ್ಧ ಸ್ಟಾರ್ಟರುಗಳಿಗೆ ಹೀಗೆ ಕಡ್ಡಿ ಸಿಕ್ಕಿಸಿರುತ್ತಿತ್ತು. ಬೋರಿಗೆ ಮಾಡಿದ್ದನ್ನು ನಾನು ಕೊಟ್ಟಿಗೆಯ ಮಿಷಿನ್ನಿಗೂ ಮಾಡಿದೆ. ಕಡ್ಡಿ ಮುರಿಯುತ್ತದೆಂದು ಒಂದು ಬಿದಿರು ಚಕ್ಕೆಯನ್ನು ಅಳತೆಗೆ ಸರಿಯಾಗಿ ಕೆತ್ತಿ, ಕಳೆಯದಿರಲೆಂದು ಮೊಳೆಗೆ ನೇತುಹಾಕುತ್ತಿದ್ದೆ. ಅಕ್ಕಪಕ್ಕದವರಿಗೆ ತೋರಿಸಿ ಹೆಚ್ಚುಗಾರಿಕೆ ಕೊಚ್ಚಿಕೊಂಡಿದ್ದೂ ಉಂಟು.

ಅದು ಆಷಾಢ. ನಮ್ಮ ಸೀಮೆಯಲ್ಲಿ ಆಷಾಢದ ಮಳೆ ಮಳೆಯೇ ಅಲ್ಲ. ಗಾಳಿಗೆ ಸಿಕ್ಕಿದ ಹನಿ, ಮೈ ನೆನೆಯುವುದಿಲ್ಲ, ಒಣಗುವುದೂ ಇಲ್ಲ. ಗಾಳಿಗೆ ತಂತಿಗೆ ತಂತಿ ತಾಗಿ ಕರೆಂಟು ಕಣ್ಣಾಮುಚ್ಚಾಲೆ ಆಡುತ್ತಿತ್ತು. ಆ ದಿನ ಬೆಳಿಗ್ಗೆ ಅರ್ಧ ಹೊರೆ ಕತ್ತರಿಸಿದ್ದೆ, ಮಿಷಿನ್ನು ಗಕ್ಕನೆ ನಿಂತಿತು. ಬಾಯಲ್ಲಿ ಕಚ್ಚಿಕೊಂಡ ಹುಲ್ಲು ಹಾಗೇ ಇತ್ತು. ಐದು ನಿಮಿಷ ನಿಂತು ನೋಡಿದೆ. ಆಮೇಲೆ ಮೊಳೆಯಲ್ಲಿದ್ದ ಚಕ್ಕೆ ತೆಗೆದು ಹಸಿರು ಗುಂಡಿಗೆ ಸಿಕ್ಕಿಸಿದೆ. ಕರೆಂಟು ಬಂದರೆ ಸದ್ದಾಗುತ್ತದೆ, ಬಚ್ಚಲಿನಿಂದಲೇ ಗೊತ್ತಾಗುತ್ತದೆ, ಅಷ್ಟರಲ್ಲಿ ಸ್ನಾನ ಮುಗಿಸಿಬಿಡೋಣ. ಇದು ನನ್ನ ಲೆಕ್ಕಾಚಾರ. ಹೋಗುವಾಗ ಸವಿತ ಹಸುವಿನ ಕೆಚ್ಚಲು ತೊಳೆಯುತ್ತಿದ್ದಳು. ಸಿಂಚನ ಕರುವಿನ ಹಗ್ಗ ಹಿಡಿದು ಅದಕ್ಕೆ ಏನೋ ಬುದ್ಧಿ ಹೇಳುತ್ತಿದ್ದಳು. ಚಕ್ಕೆ ಸಿಕ್ಕಿಸಿದ್ದೀನಿ ಎಂದು ಸವಿತಳಿಗೆ ಹೇಳಲಿಲ್ಲ. ಅಷ್ಟು ಸಣ್ಣ ಮಾತಿಗೂ ನಿಲ್ಲಲಿಲ್ಲ.

ಎರಡು ಚೊಂಬು ನೀರು ಹುಯ್ದುಕೊಂಡಿದ್ದೆ, ಮಿಷಿನ್ನು ಗುರ್‍ರೆಂದಿತು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆ. ಆ ಸದ್ದು ಕೇಳಿ ನನಗೆ ಖುಷಿಯಾಯಿತು. "ಬಂತು ಬುಡು!" ಎಂದೆ ಬಾಯಿಬಿಟ್ಟು. ಅದರ ಹಿಂದೆಯೇ ಮಗುವಿನ ಕೂಗು, ಅದಕ್ಕಿಂತ ಜೋರಾಗಿ ಸವಿತಳ ಕೂಗು, ಆಮೇಲೆ ಮಿಷಿನ್ನು ನಿಂತ ಮೌನ.

ಒದ್ದೆ ಪಂಚೆಯಲ್ಲೇ ಓಡಿದೆ. ಸವಿತ ಹುಲ್ಲಿನ ರಾಶಿಯ ಮೇಲೆ ಕುಸಿದು ಕೂತಿದ್ದಳು. ಮಡಿಲಲ್ಲಿ ಮಗು. ಅದರ ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಿದ್ದಳು. ಹಾಲಿನ ಪಾತ್ರೆ ಉರುಳಿತ್ತು. ಕರುವಿಗೆ ತಿನ್ನಿಸಲೆಂದು ಮಗು ಮಿಷಿನ್ನಿನ ಬಾಯಿಂದ ಒಂದು ಎಳೆ ಹುಲ್ಲು ಎಳೆಯಲು ಹೋಗಿತ್ತು. ನಿಂತಿದ್ದ ಮಿಷಿನ್ನು, ಅದಕ್ಕೇನು ಗೊತ್ತು. ನಾನು ಬಗ್ಗಿ ಮಗುವನ್ನು ಎತ್ತಿಕೊಳ್ಳುವಾಗ ಸವಿತಳ ಕಾಲ ಬಳಿ ಬಿದಿರು ಚಕ್ಕೆ ಬಿದ್ದಿದ್ದು ಕಂಡಿತು. ಅಲುಗಾಟಕ್ಕೆ ಬಿದ್ದು, ಅಷ್ಟರಲ್ಲಿ ಕರೆಂಟೂ ಹೋಗಿ ಮಿಷಿನ್ನು ನಿಂತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮಗುವಿನ ಕೈಯಿಂದ ರಕ್ತ ಸುರಿಯುತ್ತಿರುವಾಗ ಒಬ್ಬ ತಂದೆಯ ಕಾಲು ಏನು ಮಾಡಿತು ಗೊತ್ತೆ? ಆ ಚಕ್ಕೆಯನ್ನು ಹುಲ್ಲಿನ ಒಳಕ್ಕೆ ತಳ್ಳಿತು. ನಾನು ಯೋಚನೆ ಮಾಡಿ ತಳ್ಳಲಿಲ್ಲ. ಆದರೆ ತಳ್ಳಿದ್ದು ನನ್ನ ಕಾಲೇ.

ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಪಕ್ಕದ ಮನೆಯ ಸಣ್ಣೇಗೌಡ ಬಂದ.

"ಅಯ್ಯೋ ಪಾಪಿ, ಮಿಷಿನ್ ತಾವ ಮಗ ಬುಟ್ಟು ಎಲ್ಲೋಗಿದ್ದಮ್ಮಿ? ಕಣ್ಣೇನು ಇಂಗೋಗಿದ್ವಾ ನಿಂಗೆ?" ಅವ್ವ ಸವಿತಳ ಮೇಲೆ ಬಿದ್ದಳು.

"ನಿಂತಿದ್ ಮಿಷಿನ್ನು ಅದೆಂಗ್ಲಾ ತಿರುಗ್ತು?" ಎಂದ ಸಣ್ಣೇಗೌಡ ನನ್ನನ್ನು ನೋಡಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಉತ್ತರ ಕೊಟ್ಟ. "ಹೊರೆ ಮ್ಯಾಲತ್ತಿ ಮಗೀನೇ ಗುಂಡಿ ಒತ್ತಿರ್ಬೇಕು ಕಣ್ ಬುಡು. ಮಕ್ಳು ಸುಮ್ನಿದ್ದಾವಾ?"

"ಹೂಂ" ಎಂದೆ.

ಅಷ್ಟೇ. ಒಂದು ಹೂಂ. ಸವಿತ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಸಣ್ಣೇಗೌಡನಿಗೆ "ಕಾರ್ ತಗಿಯೋ ಬೇಗ" ಎಂದೆ.

ಪೇಟೆಯ ಆಸ್ಪತ್ರೆಯಲ್ಲಿ ಕಟ್ಟು ಹಾಕಿ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ಮಗು ಅಳುವುದು, ಸುಸ್ತಾಗಿ ಕಣ್ಣು ಮುಚ್ಚುವುದು, ಮತ್ತೆ ಬೆಚ್ಚಿ ಅಳುವುದು. ಮೈಸೂರಿನಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಈ ಸಲ ಸಣ್ಣೇಗೌಡ ಇರಲಿಲ್ಲ, ನನ್ನ ಬಾಯಲ್ಲೇ ಬಂತು. "ಮಗು ಗುಂಡಿ ಒತ್ತಿಬಿಡ್ತು ಸಾರ್. ಇವರಮ್ಮ ಹಾಲು ಕರೀತಾ ಇದ್ರು." ಸವಿತ ಪಕ್ಕದಲ್ಲೇ ನಿಂತಿದ್ದಳು. ಡಾಕ್ಟರು ಅವಳ ಕಡೆ ತಿರುಗಿ, "ಏನಮ್ಮ, ಇಷ್ಟು ಚಿಕ್ಕ ಮಗೂನ ಮಿಷಿನ್ ಹತ್ರ ಬಿಡ್ತಾರಾ?" ಎಂದು ಗದರಿದರು. ಆಮೇಲೆ ನನಗೆ ಹೇಳಿದರು: "ಮಿಷಿನ್ ತಕ್ಷಣ ನಿಂತಿದೆ, ಅದೃಷ್ಟ. ಇನ್ನೊಂದು ಸುತ್ತು ತಿರುಗಿದ್ರೆ ಮಣಿಕಟ್ಟಿನವರೆಗೂ ಹೋಗ್ತಿತ್ತು." ಅದೃಷ್ಟ ಎಂದುಕೊಂಡೆ. ತಕ್ಷಣ ಹೇಗೆ ನಿಂತಿತು ಎಂದು ಸವಿತಳನ್ನು ಕೇಳಲಿಲ್ಲ. ಕೇಳಿದರೆ ಚಕ್ಕೆಯ ಮಾತು ಬರುತ್ತಿತ್ತು.

ಒಂಬತ್ತು ದಿನ ಮೈಸೂರು. ಊರಿಗೆ ಬಂದ ಮೇಲೆ ದಿನ ಬಿಟ್ಟು ದಿನ ಪೇಟೆಗೆ ಹೋಗಿ ಕಟ್ಟು ಬದಲಾಯಿಸುವುದು. ಆ ಕೆಲಸ ನಾನೇ ವಹಿಸಿಕೊಂಡೆ. ಮಗುವನ್ನು ಎತ್ತಿಕೊಂಡು ಅದೇ ಎಂಟೂವರೆ ಬಸ್ಸಿಗೆ ಹೋಗುವುದು, ಕಟ್ಟು ಹಾಕಿಸಿ ಊರಿನವರು ಯಾರಾದರೂ ಸಿಕ್ಕರೆ ಜೊತೆಯಲ್ಲಿ ಕಳಿಸುವುದು, ಸಿಗದಿದ್ದರೆ ಕಾಲೇಜಿನ ಆಫೀಸಿನಲ್ಲೇ ನನ್ನ ಮೇಜಿನ ಪಕ್ಕ ಕೂರಿಸಿಕೊಳ್ಳುವುದು. ಹಳೆಯ ಕಟ್ಟು ಬಿಚ್ಚುವಾಗ ಬಟ್ಟೆ ಗಾಯಕ್ಕೆ ಅಂಟಿರುತ್ತಿತ್ತು. ನರ್ಸಮ್ಮ ನೀರು ಹಾಕಿ ನೆನೆಸಿ ಬಿಡಿಸುವವರೆಗೆ ಮಗು ನನ್ನ ಕತ್ತನ್ನು ಎಡಗೈಯಲ್ಲಿ ಬಿಗಿಯಾಗಿ ತಬ್ಬಿಕೊಂಡು "ಅಪ್ಪಾ, ಸಾಕು ಅನ್ನು" ಎಂದು ಅಳುತ್ತಿತ್ತು. ನನ್ನನ್ನೇ ನಂಬಿತ್ತು ಅದು. ಆ ಕೋಣೆಯಲ್ಲಿ ತನ್ನನ್ನು ಕಾಪಾಡುವವನು ಅಪ್ಪನೊಬ್ಬನೇ ಎಂದುಕೊಂಡಿತ್ತು.

ಒಂದು ದಿನ ಬಸ್ಸಿನ ಕಿಟಕಿಯಿಂದ ಯಾರದೋ ಹೊಲದ ಸೀಮೆಹುಲ್ಲು ಕಂಡಿತು. ಕೊಯ್ದ ಬುಡದಲ್ಲಿ ಹೊಸ ಚಿಗುರು ಬಂದಿತ್ತು. ಮಗು ನೋಡಿ ಖುಷಿಯಿಂದ ಹೇಳಿತು:

"ಅಪ್ಪ, ಹುಲ್ಲು ಕುಯ್ದುದ್ರೆ ಮತ್ತೆ ಬತ್ತದೆ."

"ಹೂಂ ಕಣವ್ವ."

"ನನ್ನ್ ಬೆರಳೂ ಬತ್ತದೆ."

ಪಕ್ಕದಲ್ಲಿ ಕೂತಿದ್ದ ಹೆಂಗಸು ಮುಖ ತಿರುಗಿಸಿಕೊಂಡಳು. ನಾನು ಕಿಟಕಿಯ ಗಾಜು ಸರಿಸುವವನಂತೆ ನಟಿಸಿದೆ. ಆಮೇಲೂ ಒಂದು ವಾರ ಅವಳು ಕಟ್ಟು ಬಿಚ್ಚಿದಾಗಲೆಲ್ಲ ಚಿಗುರು ಬಂತಾ ಎಂದು ಬಗ್ಗಿ ನೋಡುತ್ತಿದ್ದಳು.

ಮನೆಯಲ್ಲಿ ಮಾತೆಂಬುದು ಅವ್ವನ ಬಾಯಲ್ಲಿ ಮಾತ್ರ ಉಳಿದಿತ್ತು. ಅವ್ವ ಕೆಟ್ಟವಳಲ್ಲ. ಮೊಮ್ಮಗಳ ಮೇಲೆ ಪ್ರಾಣ. ಆ ಪ್ರಾಣಸಂಕಟವೆಲ್ಲ ಸೊಸೆಯ ಮೇಲೆ ಹರಿಯುತ್ತಿತ್ತು. ನೋಡಲು ಬಂದವರಿಗೆಲ್ಲ ಅವ್ವ ಅದೇ ರಾಗ ಹೇಳುತ್ತಿದ್ದಳು. "ಕೂಸು ಗುಂಡಿ ಒತ್ತೋಗಂಟ ಇವ್ಳು ಕತ್ತು ತಿರುಗ್ಸಿ ನೋಡ್ಲಿಲ್ಲ ಕಣವ್ವ. ಹಾಲೇ ಎಚ್ಚಾಯ್ತು ಇವ್ಳಿಗೆ." ಬಂದವರು ತಲೆಯಾಡಿಸುತ್ತಿದ್ದರು. ಎಣ್ಣುಮಗ, ಬಲಗೈ, ನಾಳೆ ಗಂಡು ಎಲ್ಲಿ ಸಿಕ್ಕೀತು ಎಂದು ಮೂರು ವರ್ಷದ ಮಗುವಿನ ಮದುವೆಯವರೆಗೂ ಹೋಗಿ ಬರುತ್ತಿದ್ದರು. ಸವಿತ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಜಗುಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಇವತ್ತು ಹೇಳಿಬಿಡೋಣ ಎಂದುಕೊಂಡೇ ದಿನಾ ಏಳುತ್ತಿದ್ದೆ. ಹೇಳಿದರೆ ಊರಿನಲ್ಲಿ ತಲೆಯೆತ್ತುವುದು ಹೇಗೆ, ಮಗಳು ದೊಡ್ಡವಳಾದ ಮೇಲೆ ನನ್ನ ಮುಖ ನೋಡುತ್ತಾಳೆಯೇ ಎಂಬ ಭಯಕ್ಕೆ ಬಾಯಿ ಹೊಲಿದುಕೊಳ್ಳುತ್ತಿತ್ತು. ಎಲ್ಲದಕ್ಕೂ ಆತುರ ಪಡುವ ನಾನು ಇದೊಂದಕ್ಕೆ ಮಾತ್ರ ತಾಳ್ಮೆ ಕಲಿತೆ.

ಬಲಗೈಗೆ ಕಟ್ಟು ಇದ್ದುದರಿಂದ ಮಗು ಎಡಗೈಯಲ್ಲಿ ಉಣ್ಣತೊಡಗಿತು. ಮೊದಮೊದಲು ಅವ್ವ ಎಡಗೈ ಹಿಡಿದು ಕೆಳಗಿಡುತ್ತಿದ್ದಳು. "ಎಡಗೈಲಿ ಉಣ್ಬಾರ್ದು ಕಂದ, ನಾನು ಉಣ್ಣುಸ್ತೀನಿ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಮಗು ಹಟ ಮಾಡಿ, ಎಡಗೈಯಲ್ಲೇ ಮುದ್ದೆ ಮುರಿಯಲು ನೋಡಿ, ಅದು ಬೆರಳಿಗೆ ಮೆತ್ತಿಕೊಂಡು, ಸಿಟ್ಟಿನಿಂದ ತಟ್ಟೆ ತಳ್ಳಿತು. ಅವ್ವ ತನ್ನ ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡು, ತಾನೂ ಎಡಗೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದಳು. "ನೋಡು, ಇಂಗೆ. ಯಾವ್ ಕೈಯಾದ್ರೇನು, ಒಟ್ಟೆಗೆ ತಾನೆ ಹೋಗೋದು." ಅರವತ್ತು ವರ್ಷ ಬಲಗೈಯಲ್ಲಿ ಉಂಡವಳು ಆ ಆಷಾಢವೆಲ್ಲ ಮೊಮ್ಮಗಳ ಜೊತೆ ಎಡಗೈಯಲ್ಲೇ ಉಂಡಳು. ಆ ಅವ್ವನಿಗೆ ನಾನು ನಿಜ ಹೇಳಿದ್ದರೆ ಸೊಸೆಯ ಮುಂದೆಯೂ ಹಾಗೇ ಬಾಗುತ್ತಿದ್ದಳು. ಹೇಳಲಿಲ್ಲ. ಅವ್ವ ಹೋಗಿ ಐದು ವರ್ಷವಾಯಿತು. ಹಾಸಿಗೆ ಹಿಡಿದಾಗ ಸವಿತಳೇ ಮೈ ಒರೆಸಿದ್ದು, ಗಂಜಿ ಕುಡಿಸಿದ್ದು. "ಎಲ್ಲಾ ಚೆಂದಾಗ್ ನೋಡ್ಕಂಡೆ ಕಣಮ್ಮಿ, ಆ ಮಗ ಒಂದ್ನ ನೋಡ್ಕಳ್ಳದೋದೆ" ಎಂದು ಆಗಲೂ ಹೇಳಿದಳು. ಅವ್ವನ ತಪ್ಪಲ್ಲ ಅದು.

ಶ್ರಾವಣ ಬಂತು. ಮಗುವಿನ ಕಟ್ಟು ಸಣ್ಣದಾಯಿತು. ಒಂದು ದಿನ ಸವಿತ ಬಟ್ಟೆ ತುಂಬಿಕೊಂಡು, "ಸ್ವಲ್ಪ ದಿನ ಊರಿಗೋಗಿ ಬತ್ತೀನಿ" ಎಂದು ಮಗುವನ್ನು ಕರೆದುಕೊಂಡು ಕ್ಯಾತನಹಳ್ಳಿಗೆ ಹೋದಳು. ಕಾರಣ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ಹೋದ ಮಾರನೆಯ ದಿನ ಮಿಷಿನ್ನನ್ನು ಬಿಚ್ಚಿ ಗುಜರಿಯವನಿಗೆ ಕೊಟ್ಟೆ. ಆವತ್ತಿನಿಂದ ಇವತ್ತಿನವರೆಗೆ ಹಸುಗಳಿಗೆ ಹುಲ್ಲನ್ನು ಮಚ್ಚಿನಲ್ಲಿ ಕೊಚ್ಚಿ ಹಾಕುತ್ತೇನೆ. ಗುಡ್ಡೆ ಬಿದ್ದಿದ್ದ ಹಳೆಯ ಹುಲ್ಲನ್ನು ತಿಪ್ಪೆಗೆ ಎತ್ತಿ ಹಾಕುವಾಗ ಆ ಬಿದಿರು ಚಕ್ಕೆ ಸಿಗುತ್ತದೇನೋ ಎಂದು ಕೈಯಾಡಿಸಿ ಹುಡುಕಿದೆ. ಸಿಗಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಕರೆತರಲು ಹೋದೆ. ಈ ಸಲ ಹೇಳಿಯೇ ಬಿಡಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಸಂಜೆ ಸವಿತ ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು, ಹೋಗಿ ಮೆಟ್ಟಿಲ ಮೇಲೆ ಕೂತೆ. ನಾಲೆ ತುಂಬ ನೀರು. ಆಚೆ ಕಬ್ಬಿನ ಗದ್ದೆಯಲ್ಲಿ ಗಾಳಿ. ಅವಳು ಒಗೆಯುವುದನ್ನು ನಿಲ್ಲಿಸಿ, ಒದ್ದೆ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ನನ್ನ ಕಡೆ ತಿರುಗಿದಳು.

"ಏನಾರ ಹೇಳೋದಿತ್ತಾ?" ಎಂದಳು.

ಎಷ್ಟು ಮೆತ್ತಗೆ ಕೇಳಿದಳು ಎಂದರೆ, ಹೇಳುವವನಿಗೆ ಅದಕ್ಕಿಂತ ದೊಡ್ಡ ಬಾಗಿಲು ಯಾರೂ ತೆರೆಯಲಾರರು.

"ಏನಿಲ್ಲ. ನಾಳೆ ಮೊದ್ಲನೇ ಬಸ್ಸಿಗೆ ಹೊರಡಾನ ಅಂತ" ಎಂದೆ.

ಅವಳು ಸೀರೆಯನ್ನು ಎತ್ತಿ ಕಲ್ಲಿಗೆ ಬಡಿಯತೊಡಗಿದಳು. ನನ್ನ ಪಾಲಿಗೆ ಆ ಮಳೆಗಾಲ ಮುಗಿದಿದ್ದು ಅಲ್ಲಿ.

ಮಗಳು ಬೆಳೆದಳು. ಎಡಗೈಯಲ್ಲಿ ಅಕ್ಷರ ತಿದ್ದಿದಳು, ಈಗ ಅವಳ ಅಕ್ಷರ ನನ್ನ ಅಕ್ಷರಕ್ಕಿಂತ ದುಂಡಗಿದೆ. ಶಾಲೆಯಲ್ಲಿ ಮಕ್ಕಳು ಮೂರ್ ಬೆರಳಿ ಎಂದು ಆಡಿಕೊಂಡಾಗ ಮನೆಗೆ ಬಂದು ಹೇಳಲಿಲ್ಲ, ತಾನೇ ತನ್ನ ಮೇಲೆ ತಮಾಷೆ ಕಟ್ಟಿಕೊಂಡಳು. ಗುಂಡಿ ಒತ್ತಿದ ಕತೆಗೆ ವರ್ಷಕ್ಕೊಂದು ಬಣ್ಣ ಬಂತು. ನಾನು ಕೇಳಿ ನಗುತ್ತಿದ್ದೆ. ನಗದಿದ್ದರೆ ಯಾಕೆಂದು ಕೇಳಿಯಾಳು ಎಂದು ನಗುತ್ತಿದ್ದೆ.

ಹೋದ ತಿಂಗಳು ಕ್ಯಾತನಹಳ್ಳಿಯಲ್ಲಿ ನಗಲಾಗಲಿಲ್ಲ. ಊಟವಾದ ಮೇಲೆ ಸವಿತ ಕೈತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಹೋದೆ. ಪೀಠಿಕೆ ಹಾಕುವ ಚೈತನ್ಯ ಇರಲಿಲ್ಲ.

"ಸವಿತ, ಆವತ್ತು ಮಗ ಗುಂಡಿ ಒತ್ತಲಿಲ್ಲ ಕಣೆ. ನಾನು ಚಕ್ಕೆ ಸಿಕ್ಸಿ ಹೋಗಿದ್ದೆ."

ಅವಳು ಚೊಂಬು ಕೆಳಗಿಟ್ಟಳು. ಆಶ್ಚರ್ಯ ಪಡಲಿಲ್ಲ.

"ನಂಗೊತ್ತಿಲ್ವಾ? ಚಕ್ಕೆ ಕಿತ್ತಾಕಿ ಕೆಂಪ್ ಗುಂಡಿ ಒತ್ತಿದೋಳು ನಾನೇ ಅಲ್ವಾ."

ಕರೆಂಟು ಹೋಗಿರಲಿಲ್ಲ. ಅದೃಷ್ಟವೂ ಅಲ್ಲ. ಹಾಲಿನ ಪಾತ್ರೆ ಉರುಳಿಸಿ, ಹಾರಿ, ಆ ಒಂದು ಸುತ್ತು ತಿರುಗುವ ಮೊದಲು ಮಗಳ ಕೈ ಉಳಿಸಿದವಳು ಇವಳು. ಮಗು ನೋಡಿಕೊಳ್ಳದವಳು ಎಂದು ಹದಿಮೂರು ವರ್ಷ ಅನ್ನಿಸಿಕೊಂಡವಳೂ ಇವಳೇ.

"ಕಾಲಲ್ಲಿ ಹುಲ್ಲೊಳಕ್ಕೆ ತಳ್ಳುದ್ರಲ್ಲ, ಅದ್ನೂ ಕಂಡಿದ್ದೆ" ಎಂದಳು.

"ಮತ್ತೆ ಯಾಕೆ ಹೇಳ್ಲಿಲ್ಲ? ಅವ್ವ ಅಷ್ಟೊಂದು ಅಂದ್ರೂ?"

"ನೀವು ಹೇಳ್ತೀರಿ ಅಂತಿದ್ದೆ. ಆಸ್ಪತ್ರೇಲಿ ಹೇಳ್ತೀರಿ ಅಂತ ಕಾದೆ. ನಾಲೆ ತಾವ ಬಂದು ಕೂತ್ರಲ್ಲ, ಆವತ್ತು ಹೇಳೇ ಹೇಳ್ತೀರಿ ಅನ್ಕಂಡೆ. ಆಮೇಲೆ ಕಾಯೋದು ಬುಟ್ಬುಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತಳು. "ಈಗ ನಂಗೇಳಿ ಏನು ಬಂತು? ಅವ್ಳಿಗೇಳಿ."

ಮಾರನೆಯ ಸಂಜೆ ನಮ್ಮ ಕೊಟ್ಟಿಗೆಯಲ್ಲಿ ಹುಲ್ಲು ಕೊಚ್ಚುತ್ತಿದ್ದೆ. ಸಿಂಚನ ಕಾಲೇಜಿನಿಂದ ಬಂದು, ಕೊಚ್ಚಿದ ಹುಲ್ಲನ್ನು ಮಂಕರಿಗೆ ತುಂಬಲು ಕೂತಳು. ಅವಳಿಗೆ ಹೇಳಿದೆ. ಚಕ್ಕೆ, ಬಚ್ಚಲು, ಖುಷಿ, ಹೂಂ ಅಂದಿದ್ದು, ಎಲ್ಲ. ಅವಳ ಮುಖ ನೋಡದೆ ಮಚ್ಚನ್ನು ನೋಡುತ್ತಾ ಹೇಳಿದೆ. ಅವಳು ಮಂಕರಿ ತುಂಬುವುದನ್ನು ನಿಲ್ಲಿಸಿದ್ದಳು. ಬೈಯುತ್ತಾಳೆ, ಎದ್ದು ಹೋಗುತ್ತಾಳೆ, ಏನಾದರೂ ಆಗಲಿ ಎಂದು ಕಾದೆ.

"ಅಂಗಾದ್ರೆ ನಾನು ಒತ್ಲಿಲ್ವಾ ಅಪ್ಪ?" ಎಂದಳು.

"ಇಲ್ಲ ಕಣವ್ವ."

"ನಿಜ್ವಾಗ್ಲೂ ಒತ್ಲಿಲ್ವಾ?"

"ನಿನ್ ಕೈ ಅಲ್ಲಿಗೆ ನಿಲುಕ್ತಾನೇ ಇರ್ಲಿಲ್ಲ."

ಅವಳು ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈ ನೋಡುವಂತೆ ನೋಡಿದಳು. "ನಾನು ಒತ್ತಿದ್ದುಕ್ಕೇ ಅಜ್ಜಿ ಅಮ್ಮಂಗೆ ಬೈತದೆ ಅನ್ಕಂಡಿದ್ದೆ. ಎಷ್ಟು ಸಲ ಅಮ್ಮನ್ ಕಾಲಿಡ್ಕಂಡು ತಪ್ಪಾಯ್ತು ಅಂತ ಕೇಳಿದೀನಿ ಗೊತ್ತಾ? ನೀನೇನೂ ಮಾಡಿಲ್ಲ ಸುಮ್ನಿರು ಅನ್ನೋಳು ಅಮ್ಮ. ಸಮಾಧಾನಕ್ಕೆ ಹೇಳ್ತಾಳೆ ಅನ್ಕತಿದ್ದೆ."

ಅಷ್ಟು ಹೇಳಿ ಅತ್ತಳು. ಕಟ್ಟು ಬಿಚ್ಚುವಾಗ ಅತ್ತ ಮೇಲೆ ಆ ಕೈಯ ವಿಷಯಕ್ಕೆ ಅವಳು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಮುಟ್ಟಲು ಹೋದೆ, ಭುಜ ಸರಿಸಿಕೊಂಡು ಎದ್ದು ಒಳಗೆ ಅಮ್ಮನ ಹತ್ತಿರ ಹೋದಳು. ಆ ದಿನ ಹಸುಗಳಿಗೆ ಕೊಚ್ಚದ ಹುಲ್ಲನ್ನೇ ಹಾಕಿದೆ. ಎಲೆ ತಿಂದು ಬುಡ ಬಿಟ್ಟಿದ್ದವು.

ಹತ್ತು ದಿನ ನನ್ನೊಡನೆ ಅವಳದು ಬೇಕು ಬೇಡದಷ್ಟೇ ಮಾತು. ಕೈಯ ಕತೆಯನ್ನು ಆಮೇಲೆ ಯಾರಿಗೂ ಹೇಳಿದ್ದು ಕೇಳಲಿಲ್ಲ. ಹೋದ ಭಾನುವಾರ ಮೂವರೂ ಪೇಟೆಗೆ ಹೊರಟಿದ್ದೆವು. ಬಸ್ಸಿನಲ್ಲಿ ಅಮ್ಮ ಮಗಳು ಮುಂದಿನ ಸೀಟು, ನಾನು ಹಿಂದೆ. ಸಿಂಚನಳ ಪಕ್ಕ ಒಬ್ಬ ಅಜ್ಜಿ ಕೂತಿದ್ದಳು. ಕಂಬಿ ಹಿಡಿದ ಕೈ ನೋಡಿ, "ಏನಾಯ್ತವ್ವ ಕೈಗೆ?" ಎಂದಳು.

ಸಿಂಚನ ನಗಲಿಲ್ಲ. "ಚಿಕ್ಕೋಳಿದ್ದಾಗ ಹುಲ್ಲಿನ ಮಿಷಿನ್ನಿಗೆ ಸಿಕ್ತು ಅಜ್ಜಿ" ಎಂದಳು ಅಷ್ಟೇ.

"ಅಯ್ಯೋ ಶಿವನೇ. ನಿಮ್ಮವ್ವ ಎಲ್ಲೋಗಿದ್ಲವ್ವ ಮಗ ಬುಟ್ಟು?"

ಸವಿತ ಕಿಟಕಿಯ ಕಡೆ ತಿರುಗಿದಳು. ಯಾವತ್ತೂ ತಿರುಗುವಂತೆಯೇ. ನಾನು ಎದ್ದು ನಿಂತೆ. ಅಜ್ಜಿಗೆ ಹೆಚ್ಚುಕಡಿಮೆ ನಮ್ಮ ಅವ್ವನ ವಯಸ್ಸು.

"ಅವ್ರವ್ವ ಎಲ್ಲೂ ಹೋಗಿರ್ಲಿಲ್ಲ ಕಣಜ್ಜಿ. ಮಿಷಿನ್ನಿಗೆ ಕಡ್ಡಿ ಸಿಕ್ಸಿ ಬುಟ್ಟೋಗಿದ್ದೋನು ನಾನು, ಇವ್ರಪ್ಪ. ಅವ್ರವ್ವ ಓಡ್ಬಂದು ನಿಲ್ಸುದ್ಲು. ಅದಕ್ಕೇ ಇಷ್ಟಾದ್ರೂ ಕೈ ಉಳೀತು."

ಜೋರಾಗಿಯೇ ಹೇಳಿದ್ದೆನೇನೋ, ಮುಂದಿದ್ದವರು ಒಬ್ಬೊಬ್ಬರಾಗಿ ತಿರುಗಿ ನೋಡಿದರು. ಅಜ್ಜಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಸಿಂಚನ ತಿರುಗಲಿಲ್ಲ; ತನ್ನ ಬಲಗೈಯನ್ನು ಅಮ್ಮನ ಮಡಿಲಿಗೆ ಇಟ್ಟಳು. ಸವಿತ ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿ ಹಿಡಿದಳು. ಪೇಟೆ ಬರುವವರೆಗೂ ನಾನು ನಿಂತೇ ಇದ್ದೆ.